ಬಾಗಿಲಿಗೊಂದು ಪದ

ಅವನು ಶೂ ಒರೆಸುತ್ತ ಕೂತಿದ್ದ. ಬೇರೆ ದಿನವಾಗಿದ್ದರೆ ಅದು ಅವಳ ಕಣ್ಣಿಗೂ ಬೀಳುತ್ತಿರಲಿಲ್ಲ. ಇವತ್ತು ಆ ಹಳೇ ಬನಿಯನ್ನಿನ ತುಂಡು ಶೂವಿನ ಮೂತಿಯ ಮೇಲೆ ಒಂದೇ ಸಮನೆ ಹಿಂದಕ್ಕೂ ಮುಂದಕ್ಕೂ ಹೋಗುವುದನ್ನು ನೋಡಿ ಅವಳಿಗೆ ಮೈಯೆಲ್ಲ ಉರಿಯಿತು. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದುಕೊಂಡೇ ನಿಂತು ಎರಡನೇ ಸಲ ಕೇಳಿದಳು.

"ಏನು ಹಾಕಿಸ್ಲಿ ಅಂತ ಕೇಳ್ದೆ ನಾನು."

"ಯಾವುದಕ್ಕೆ?"

"ನಿಮ್ಮ ರೂಮಿನ ಬಾಗಿಲಿಗೆ ರೀ. ಹೆಸರಿನ ಕೆಳಗೆ ಏನಂತ ಬರೆಸೋದು? ಮಧ್ಯಾಹ್ನದೊಳಗೆ ಹೇಳ್ಬೇಕು, ತಗಡು ಕೆತ್ತೋನು ಕಾಯ್ತಿದ್ದಾನೆ."

"ಏನಾದ್ರೂ ಹಾಕ್ಸು," ಅಂದ ಅವನು, ತಲೆ ಎತ್ತದೆ. ಇನ್ನೊಂದು ಶೂ ಎತ್ತಿ ತೊಡೆಯ ಮೇಲಿಟ್ಟುಕೊಂಡ. "ಏನೂ ಹಾಕಿಸದಿದ್ರೂ ನಡೆಯುತ್ತೆ. ಹೆಸರಿದೆಯಲ್ಲ."

ಹೆಸರಿದೆಯಂತೆ, ಹೆಸರು! ಹೆಸರು ಯಾರಿಗಿಲ್ಲ? ಆಸ್ಪತ್ರೆಯ ಗೇಟು ಕಾಯುವವನ ಎದೆಯ ಮೇಲೂ ಒಂದು ಹೆಸರಿದೆ. ಇಡೀ ಜೀವಮಾನ ಕ್ಯಾಷುಯಾಲ್ಟಿಯಲ್ಲಿ ಡ್ಯೂಟಿ ಡಾಕ್ಟರಾಗಿ, ಬಿದ್ದವರ, ಸುಟ್ಟುಕೊಂಡವರ, ಕುಡಿದು ಬಂದವರ ಮಧ್ಯೆ ಕೂದಲು ಬೆಳ್ಳಗೆ ಮಾಡಿಕೊಂಡ ಮನುಷ್ಯನಿಗೆ ಈಗ ಮೊದಲ ಸಲ ಒಂದು ರೂಮು ಸಿಕ್ಕಿದೆ. ಅದೂ ಪುಕ್ಕಟೆ ಸಿಕ್ಕಿದ್ದಲ್ಲ. ಮ್ಯಾನೇಜರ್ ಹತ್ತಿರ ಅವಳೇ ಹೋಗಿ, ನಕ್ಕು, ಹಲ್ಲು ಗಿಂಜಿ, ಅವರ ಮಗನ ಕಾಲೇಜಿನ ಇಂಗ್ಲಿಷ್ ಪ್ರಬಂಧ ತಿದ್ದಿಕೊಟ್ಟು ಗಿಟ್ಟಿಸಿದ್ದು. ಮ್ಯಾನೇಜರಿಗೆ ಆಸ್ಪತ್ರೆಯಲ್ಲಿ 'ಸದ್ಯಕ್ಕೆ ಸಾಹೇಬರು' ಅಂತಲೇ ಹೆಸರು, ಯಾವುದನ್ನೂ ಸದ್ಯಕ್ಕೆ ಅನ್ನದೆ ಕೊಟ್ಟವರಲ್ಲ. "ಸದ್ಯಕ್ಕೆ ಒಂಬತ್ತನೇ ರೂಮು ಖಾಲಿ ಮಾಡಿಸ್ತೀನಿ ಮೇಡಂ. ಹೊರಗೆ ಪೇಷಂಟುಗಳ ಬೆಂಚು ತುಂಬಿದ್ರೆ ಇರ್ಲಿ. ತುಂಬದಿದ್ರೆ ಕ್ಯಾಷುಯಾಲ್ಟಿ ಇದ್ದೇ ಇದೆಯಲ್ಲ, ನಿಮ್ಮನೆಯವರಿಗೆ ಅದು ಅಭ್ಯಾಸವೂ ಆಗಿದೆ." ಕೊನೆಗೆ ಒಂದು ಮಾತು ಸೇರಿಸಿದ್ದರು. "ಬೋರ್ಡಿನ ಮೇಲೆ ಏನು ಬರೆಸ್ತೀರೋ ನಿಮಗೇ ಬಿಟ್ಟೆ. ಇಂಗ್ಲಿಷ್ ಎಂ.ಎ. ಅಲ್ವಾ ನೀವು? ಮರ್ಯಾದೆಯಾಗಿರೋ ಪದ ಒಂದು ನೋಡಿ ಹಾಕ್ಸಿ."

ಮರ್ಯಾದೆಯಾಗಿರುವ ಪದ. ಆಸ್ಪತ್ರೆಗೆ ಹೊರಟ ಸ್ಕೂಟರಿನ ಹಿಂದೆ ಕೂತು ಗಂಡನ ಕತ್ತಿನ ಹಿಂಭಾಗ ನೋಡುತ್ತ ಅವಳು ಆ ಪದವನ್ನು ಹುಡುಕಿದಳು. ಕಾಲರಿನ ಅಂಚು ಸವೆದು ದಾರ ಎದ್ದಿತ್ತು. ಅದರ ಮೇಲೆ ಕ್ಷೌರದವನು ಬಿಟ್ಟ ನಾಲ್ಕು ಬಿಳಿಕೂದಲು. ಡಾಕ್ಟರ್ ಅಂತ ಹೆಸರಿಗೆ ಮೊದಲೇ ಇರುತ್ತದೆ, ಅದು ಲೆಕ್ಕಕ್ಕಿಲ್ಲ. ದನಕ್ಕೆ ಸೂಜಿ ಹಾಕುವವನೂ ಡಾಕ್ಟರೇ, ಅವಳ ಕಾಲೇಜಿನಲ್ಲಿ ಕಾಗುಣಿತ ಬಾರದ ಪ್ರೊಫೆಸರೂ ಡಾಕ್ಟರೇ ಆಗಿದ್ದ. ಮೆಡಿಕಲ್ ಆಫೀಸರ್ ಅಂದರೆ ಸರ್ಕಾರಿ ಮೊಹರಿನ ವಾಸನೆ, ಹಸಿರು ಪರದೆ, ಮುರಿದ ಬೆಂಚು. ಜನರಲ್ ಪ್ರಾಕ್ಟೀಷನರ್ ಅಂದರೆ ಮಹಡಿ ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡು ಎಲ್ಲ ಕಾಯಿಲೆಗೂ ಅದೇ ಕೆಂಪು ಔಷಧಿ ಕೊಡುವ ಮುದುಕ. ಕನ್ಸಲ್ಟಂಟ್ ಅನ್ನುವುದು ಕೋಟು ತೊಟ್ಟ ಪದ. ಕಾರಿನಲ್ಲಿ ಬರುತ್ತದೆ, ಇಂಜಿನ್ ತಣ್ಣಗಾಗುವ ಮೊದಲೇ ಹೋಗಿಬಿಡುತ್ತದೆ. ಇವನಿಗೆ ಅದನ್ನು ತೊಡಿಸಿದರೆ ಎರವಲು ಕೋಟಿನ ಹಾಗೆ ತೋಳು ಉದ್ದವಾಗಿ ನೇತಾಡೀತು. ಸ್ಪೆಷಲಿಸ್ಟ್ ಅನ್ನೋಣವೆಂದರೆ, ಯಾವುದರಲ್ಲಿ? ಉಳಿದದ್ದು ಫಿಜಿಷಿಯನ್. ಎಷ್ಟು ಸಭ್ಯ ಪದ! ಔಷಧಿ ಕೊಟ್ಟು ಗುಣಪಡಿಸುವ ಯಾರಿಗಾದರೂ ಅದನ್ನು ಅನ್ನಬಹುದು ಅಂತ ಡಿಕ್ಷನರಿ ಹೇಳುತ್ತದೆ. ಆದರೆ ಆಸ್ಪತ್ರೆಯ ವರಾಂಡ ಡಿಕ್ಷನರಿ ಓದಿಲ್ಲ. ಅಲ್ಲಿ ಫಿಜಿಷಿಯನ್ ಅಂದರೆ ಮೇಲಿನ ಓದು ಓದಿ, ಮೇಲಿನ ಪರೀಕ್ಷೆ ಪಾಸು ಮಾಡಿ, ಎರಡನೇ ರೂಮಿನಲ್ಲಿ ಏ.ಸಿ. ಹಾಕಿಕೊಂಡು ಕೂತವರು. ಇವನು ಆ ಓದಿಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅಂತ ಕೇಳಿ ಕೇಳಿ ಅವಳಿಗೇ ಸಾಕಾಗಿತ್ತು. "ಇಷ್ಟರಲ್ಲೇ ಕೆಲಸ ನಡೀತಿದೆಯಲ್ಲ" ಅನ್ನುವುದು ಅವನ ಉತ್ತರ.

ತಂಗಿಯ ಹೊಸ ಮನೆಯಲ್ಲಿ ಊಟಕ್ಕೆ ಕರೆದಾಗಲೂ ಅಷ್ಟೇ. ತಂಗಿಯ ಗಂಡ ಸರ್ಜನ್. ಅವನ ಬಗ್ಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ಸರ್ಜನ್ ಅಂದರೆ ಸಾಕು, ಕೂತವರು ತಾವಾಗಿಯೇ ಸರಿದು ಜಾಗ ಬಿಡುತ್ತಿದ್ದರು. ಹೊಳೆಯುವ ಸೀರೆಯ ಹೆಂಗಸೊಬ್ಬಳು ಅವಳ ಕಡೆ ತಿರುಗಿ, ನಿಮ್ಮನೆಯವರು ಏನು ಮಾಡ್ತಾರೆ ಅಂದಾಗ ಅವಳ ಬಾಯಿಂದ ತಾನಾಗಿ ಬಂತು, "ಫಿಜಿಷಿಯನ್." ಬಂದದ್ದು ಬಂತು, ಅಲ್ಲಿಗೆ ಮುಗಿಯುತ್ತಿತ್ತು. ಈ ಪುಣ್ಯಾತ್ಮ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದವನು, "ಇಲ್ಲ ಇಲ್ಲ, ನಾನು ಬರೀ ಡ್ಯೂಟಿ ಡಾಕ್ಟರು" ಅಂತ ನಕ್ಕ. ಬಾಯಲ್ಲಿ ಅನ್ನ ಇಟ್ಟುಕೊಂಡೇ ನಕ್ಕ. ಆ ಹೆಂಗಸು "ಓ" ಅಂದಳು. ಆ ಒಂದು "ಓ" ಇವತ್ತಿಗೂ ಅವಳ ಕಿವಿಯಲ್ಲಿದೆ. ಮನೆಗೆ ಬರುವಾಗ ಅವಳು ಹಲ್ಲು ಕಚ್ಚಿಕೊಂಡು ಕೇಳಿದ್ದಳು, "ನನ್ನನ್ನು ಸುಳ್ಳಿ ಮಾಡ್ಲೇಬೇಕಿತ್ತಾ?" ಅವನು ಸಿಗ್ನಲ್ಲಿನ ಕೆಂಪು ದೀಪ ನೋಡುತ್ತ ಹೇಳಿದ, "ನಾಳೆ ಅವರಿಗೆ ಎದೆನೋವು ಬಂದು ನನ್ನ ಹುಡುಕ್ಕೊಂಡು ಬಂದ್ರೆ?" ಬರಲಿ ಬಿಡಿ, ಅಂದುಕೊಂಡಳು. ಬಂದರೆ ನಿಮಗೇನು ನೋಡೋಕೆ ಬರೋದಿಲ್ವಾ? ಬಾಯಿಬಿಟ್ಟು ಅದನ್ನು ಹೇಳಲಿಲ್ಲ. ಹೇಳದೆ ಇದ್ದದ್ದು ಸಿಟ್ಟಿಗೋ, ಅಥವಾ ಉತ್ತರ ತನಗೇ ಗೊತ್ತಿಲ್ಲದ್ದಕ್ಕೋ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದಳು.

ಅದೇ ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ತನ್ನ ಮೇಜಿಗೆ ಬಂದು ಕೂರುವಷ್ಟರಲ್ಲಿ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಸಾಕು ಈಗೀಗ ಹೀಗೆ. ಡ್ರಾಯರ್ ಎಳೆದು, ಸ್ಟೇಪ್ಲರ್ ಪಿನ್ನಿನ ಡಬ್ಬಿಯ ಅಡಿಯಿಂದ ಮಾತ್ರೆಯ ಹಾಳೆ ತೆಗೆದು, ಯಾರಾದರೂ ನೋಡುತ್ತಿದ್ದಾರಾ ಅಂತ ಒಮ್ಮೆ ಸುತ್ತ ನೋಡಿ, ಒಂದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಕಳ್ಳತನ. ತನ್ನದೇ ಕಾಯಿಲೆಗೆ ತಾನೇ ಕಳ್ಳಿ. ಮನೆಯಲ್ಲಿ ಇದನ್ನು ಇಡುವ ಹಾಗಿಲ್ಲ. ಅವನ ಕಣ್ಣು ಬೇರೆ ಯಾವುದಕ್ಕೆ ಮಂದವಾದರೂ ಮಾತ್ರೆಗೆ ಮಂದವಲ್ಲ, ಬಣ್ಣ ನೋಡಿಯೇ ಹೆಸರು ಹೇಳುತ್ತಾನೆ.

"ಅಮ್ಮಾ, ಕೆಮ್ಮಿಗೆ ಯಾರಿಗೆ ತೋರಿಸ್ಬೇಕು?" ಕಿಟಕಿಯಾಚೆ ಮೊದಲ ಮುಖ ಬಂತು. "ಎರಡನೇ ರೂಮು," ಅಂದಳು. ಬೆರಳು ತಾನಾಗಿ ಅತ್ತ ಹೋಯಿತು. ಅವಳ ಕೆಲಸದ ಮುಕ್ಕಾಲು ಪಾಲು ಈ ಬೆರಳಿನದು. ಬರುವವರಲ್ಲಿ ಬಾಗಿಲ ಮೇಲಿನ ಇಂಗ್ಲಿಷ್ ಓದಲು ಬರುವವರೆಷ್ಟು? ಓದಲು ಬಂದರೂ ಅಷ್ಟೇ. ಫಿಜಿಷಿಯನ್ ದೊಡ್ಡವರೋ, ಸರ್ಜನ್ ದೊಡ್ಡವರೋ, ಕನ್ಸಲ್ಟಂಟ್ ಅಂದರೆ ಮದ್ದು ಕೊಡುತ್ತಾರೋ, ಬರೀ ಮಾತಾಡಿ ಕಳಿಸುತ್ತಾರೋ ಅಂತ ಕೇಳುತ್ತಾರೆ. ಅವಳು ಹೇಳಿದ ಬಾಗಿಲ ಮುಂದಿನ ಬೆಂಚಿನ ಮೇಲೆ ಹೋಗಿ ಕೂರುತ್ತಾರೆ. ಬೆಂಚು ತುಂಬಿದ ಬಾಗಿಲಿಗೆ ಮತ್ತಷ್ಟು ಜನ. ಖಾಲಿ ಬೆಂಚಿನ ಮೇಲೆ ಯಾರೂ ಮೊದಲು ಕೂರುವುದಿಲ್ಲ. ಕೂತರೂ ಎರಡು ನಿಮಿಷಕ್ಕೆ ಎದ್ದು ಬಂದು, "ಇವರು ದೊಡ್ಡ ಡಾಕ್ಟರೇನಾ?" ಅಂತ ಪಿಸುಗುಡುತ್ತಾರೆ. ಕ್ಯಾಷುಯಾಲ್ಟಿಯಲ್ಲಿ ಅವನು ಬೆಳಗಿನವರೆಗೂ ಪಕ್ಕದಲ್ಲೇ ನಿಂತು ಉಳಿಸಿಕೊಂಡ ಪೇಷಂಟುಗಳ ಮನೆಯವರು ಬೆಳಗ್ಗೆ ಬಂದು ಕೇಳುತ್ತಿದ್ದದ್ದೂ ಇದೇ, "ದೊಡ್ಡ ಡಾಕ್ಟರು ಯಾವಾಗ ಬರ್ತಾರೆ?" ಅವಳು ಗಡಿಯಾರ ನೋಡಿ ಹೇಳುತ್ತಿದ್ದಳು. ಈಗ ಬರ್ತಾರೆ, ಕೂತ್ಕೊಳ್ಳಿ. ಒಂದು ದಿನವೂ, ರಾತ್ರಿಯಿಡೀ ನಿಮ್ಮ ಜೊತೆ ಇದ್ದವರು ಮತ್ಯಾರು ಅಂತ ಕೇಳಲಿಲ್ಲ. ಕೇಳುವುದು ರಿಸೆಪ್ಷನ್ನಿನ ಕೆಲಸವಲ್ಲ. ಅದು ಹೆಂಡತಿಯ ಕೆಲಸವಾಗಿದ್ದಿರಬಹುದು, ಆದರೆ ಮೇಜಿನ ಹಿಂದೆ ಕೂತಾಗ ಅವಳು ಯಾರ ಹೆಂಡತಿಯೂ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಕೆಲವು ತಿಂಗಳ ಹಿಂದೆ, ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತಿದ್ದಾಗ ಲೋಟ ಕೈಜಾರಿತು. ಹಿಂದಿನಿಂದ ಅವನು ಬಂದ. ಅವಳ ಒದ್ದೆ ಕೈಯನ್ನು ಹಿಡಿದು ಬೆರಳುಗಳನ್ನು ನೀಟಾಗಿ ಚಾಚಿಸಿ ನೋಡಿದ. "ನಡುಗುತ್ತೆ ನೋಡು. ತೂಕ ಬೇರೆ ಇಳಿದಿದ್ದೀಯ." ಆಮೇಲೆ ಅವಳ ಹಿಂದೆಯೇ ನಿಂತು ಎರಡೂ ಕೈಯ ಬೆರಳುಗಳಿಂದ ಗಂಟಲು ಮುಟ್ಟಿ, "ನುಂಗು" ಅಂದ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳನ್ನು ಅಷ್ಟು ಮೆತ್ತಗೆ ಮುಟ್ಟಿದ್ದು ಅವಳಿಗೆ ನೆನಪಿರಲಿಲ್ಲ. "ಥೈರಾಯ್ಡ್ ಜಾಸ್ತಿಯಾಗಿದೆ. ನಾಳೆ ರಕ್ತ ಕೊಡು. ನಿನಗೆ ಈಗೀಗ ಬರೋ ಸಿಟ್ಟೂ ಅದರದ್ದೇ." ಅಷ್ಟು ಸಾಕಾಯಿತು. "ನನ್ನ ಸಿಟ್ಟಿಗೆ ಕಾರಣ ಬೇರೆ ಇದೆ ಬಿಡ್ರೀ! ಎಲ್ಲದಕ್ಕೂ ನಿಮಗೊಂದು ಕಾಯಿಲೆ ಕಾಣುತ್ತೆ. ಇದೇನು ಕ್ಯಾಷುಯಾಲ್ಟಿನಾ?" ಕೈ ಕಿತ್ತುಕೊಂಡಳು. ಅವನು ಟವೆಲಿಗೆ ಬೆರಳು ಒರೆಸಿಕೊಂಡು ಹೊರಗೆ ಹೋದ. ಆಮೇಲೆ ಇನ್ನೂ ಎರಡು ಸಲ ಹೇಳಿದ. ಎರಡು ಸಲವೂ ಅವಳು ಮೂಗು ಮುರಿದಳು. ಕೊನೆಗೆ ಹೆದರಿಕೆ ತಡೆಯಲಾರದೆ ಒಂದು ಮಧ್ಯಾಹ್ನ, ಅವನು ಮಲಗಲು ಮನೆಗೆ ಹೋದದ್ದು ನೋಡಿಕೊಂಡು, ಎರಡನೇ ರೂಮಿನ ಬಾಗಿಲು ತಟ್ಟಿದಳು. ಸೀನಿಯರ್ ಫಿಜಿಷಿಯನ್. ಆಕೆ ಕೈ ಚಾಚಿಸಿದರು, ಗಂಟಲು ಮುಟ್ಟಿದರು, ನುಂಗಿ ಅಂದರು, ರಕ್ತಕ್ಕೆ ಬರೆದುಕೊಟ್ಟರು. ಮಾರನೆಯ ದಿನ ಹೇಳಿದರು, "ಥೈರಾಯ್ಡ್ ಜಾಸ್ತಿಯಾಗಿದೆ." ಅದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಗಂಡ ಹೇಳಿದಾಗ ಕಿರಿಕಿರಿಯಾಗಿದ್ದ ಮಾತು ಈ ಬಾಗಿಲೊಳಗೆ ಕಾಯಿಲೆಯಾಯಿತು. ಅವಳಿಗೆ ಎಂಥ ಸಮಾಧಾನವಾಗಿತ್ತೆಂದರೆ ಕಣ್ಣಲ್ಲಿ ನೀರು ಬಂತು. ಆ ನೀರು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಗಂಡನಿಗೆ ಹೇಳಬೇಕು, ನೀವಂದದ್ದೇ ಸರಿ ಅನ್ನಬೇಕು ಅಂತ ಎಷ್ಟೋ ಸಲ ಬಾಯಿಯವರೆಗೂ ಬಂದಿತ್ತು. ನೀವಂದದ್ದೇ ಸರಿ ಅಂದರೆ, ನಿನಗೆ ಹೇಗೆ ಗೊತ್ತಾಯಿತು ಅನ್ನುತ್ತಾನೆ.

ಬೆಳಗಿನ ಜನ ಸ್ವಲ್ಪ ಕರಗಿದಾಗ ಎರಡನೇ ರೂಮಿನಾಕೆಯೇ ಕಾಫಿ ಲೋಟ ಹಿಡಿದುಕೊಂಡು ಮೇಜಿನ ಹತ್ತಿರ ಬಂದರು. ಇಸ್ತ್ರಿ ಮಾಡಿದ ಮಾತು ಅವರದು, ಒಂದು ಮಡಿಕೆ ಆಚೀಚೆ ಇರುವುದಿಲ್ಲ. "ಮಾತ್ರೆ ತಗೋತಿದ್ದೀರಾ? ಕೈ ತೋರ್ಸಿ. ಹ್ಞಾಂ, ಇನ್ನೂ ಸ್ವಲ್ಪ ಇದೆ. ನಾಳೆಯಿಂದ ಒಂದೂವರೆ ಮಾಡಿ." ಹೋಗಲು ತಿರುಗಿದವರು ಏನೋ ನೆನಪಾದಂತೆ ನಿಂತರು. "ಅಂದ ಹಾಗೆ, ನಿಮ್ಮ ಯಜಮಾನರಿಗೆ ರೂಮು ಕೊಟ್ರಂತಲ್ಲ, ಸಂತೋಷ. ಬೋರ್ಡಿಗೆ ಏನು ಬರೆಸ್ತಿದ್ದೀರಿ?"

"ಇನ್ನೂ ಯೋಚನೆ ಮಾಡ್ತಿದ್ದೀನಿ ಮೇಡಂ."

"ಫಿಜಿಷಿಯನ್ ಅಂತ ಮಾತ್ರ ಬೇಡ ಆಯ್ತಾ? ತಪ್ಪು ತಿಳೀಬೇಡಿ. ಪೇಷಂಟುಗಳಿಗೆ ಸುಮ್ನೆ ಗೊಂದಲ. ಜನರಲ್ ಪ್ರಾಕ್ಟೀಷನರ್ ಅಂತ ಹಾಕ್ಸಿ. ಅದೂ ಒಳ್ಳೇ ಪದವೇ, ಮುದ್ದಾಗಿದೆ." ಲೋಟದಲ್ಲಿ ಉಳಿದ ಕಾಫಿಯನ್ನು ನೋಡಿ ನಕ್ಕರು. "ನಿಮಗೆ ಗೊತ್ತಲ್ಲ ವ್ಯತ್ಯಾಸ. ಗೊತ್ತಿದ್ದಕ್ಕೇ ತಾನೇ ನೀವು ನನ್ನ ಹತ್ರ ಬಂದಿದ್ದು?"

ಮುಖಕ್ಕೆ ಹೊಡೆದ ಹಾಗಾಯಿತು. ಆಕೆ ಹೋದರು, ಚಪ್ಪಲಿಯ ಟಕಟಕ ಹೋಯಿತು, ಏ.ಸಿ. ರೂಮಿನ ಬಾಗಿಲು ಮುಚ್ಚಿಕೊಂಡಿತು. ಅವಳ ಕಿವಿಯಿಂದ ಬಿಸಿ ಇಳಿಯಲಿಲ್ಲ. ಮುದ್ದಾಗಿದೆಯಂತೆ! ಇವಳ ತಲೆ. ಮಗುವಿಗೆ ಬಟ್ಟೆ ಆರಿಸಿದ ಹಾಗೆ ತನ್ನ ಗಂಡನಿಗೆ ಪದ ಆರಿಸಿ ಕೊಡಲು ಇವಳ್ಯಾರು? ಕೈ ನಡುಗುತ್ತಿತ್ತು. ಅದು ಕಾಯಿಲೆಯ ನಡುಕವೋ ಸಿಟ್ಟಿನದೋ ಯಾರು ಹೇಳಬೇಕು, ಹೇಳಬಲ್ಲ ಇಬ್ಬರಲ್ಲಿ ಒಬ್ಬಳು ಈಗಷ್ಟೇ ಹೋದಳು. ಪಕ್ಕದ ಮೇಜಿನವಳಿಗೆ ಒಂದು ನಿಮಿಷ ನೋಡಿಕೋ ಅಂತ ಹೇಳಿ ಎದ್ದಳು. ರಸ್ತೆ ದಾಟಿದಳು. ಎದುರಿನ ಸಾಲಿನಲ್ಲಿ ಬೀಗದ ಕೈ ಮಾಡುವವನ ಪಕ್ಕ ತಗಡು ಕೆತ್ತುವವನ ಅಂಗಡಿ; ಒಳಗೆ ಸುಟ್ಟ ಹಿತ್ತಾಳೆಯ ವಾಸನೆ, ಗೋಡೆಯ ಮೇಲೆ ಕೆತ್ತಿ ಯಾರೂ ಒಯ್ಯದ ವಕೀಲರು, ಇಂಜಿನಿಯರುಗಳು, ಒಂದು ಶ್ರೀಮತಿ. ಅವನು ಗಂಡನ ಹೆಸರನ್ನು ಆಗಲೇ ಕೆತ್ತಿ, ಕೆಳಗಿನ ಅರ್ಧ ಖಾಲಿ ಬಿಟ್ಟು, ಟೀ ಕುಡಿಯುತ್ತ ಕೂತಿದ್ದ.

"ಹೇಳಿ ಮೇಡಂ. ಪ್ರಾಕ್ಟೀಷನರಾ, ಆಫೀಸರಾ?"

"ಫಿಜಿಷಿಯನ್," ಅಂದಳು.

"ಎರಡನೇ ರೂಮಿಗೆ ಇದೇ ಕೆತ್ತಿದ್ದೆ ನಾನು. ಅಕ್ಷರ ಅಷ್ಟೇ ದಪ್ಪ ಇರ್ಲಾ?"

"ಸ್ವಲ್ಪ ದಪ್ಪಾನೇ ಇರ್ಲಿ."

ಮೆಷಿನ್ನು ಕಿರ್ರೆಂದು ಶುರುವಾದಾಗ ಅವಳಿಗೆ ಹಾಯೆನಿಸಿತು. ಗಂಡನ ಮೇಲಿನ ಪ್ರೀತಿಯಿಂದ ಮಾಡಿದೆ ಅಂದುಕೊಳ್ಳಲು ನೋಡಿದಳು, ಆಗಲಿಲ್ಲ. ಆ ಕ್ಷಣದಲ್ಲಿ ಗಂಡನ ಮುಖವೇ ಅವಳ ಕಣ್ಣ ಮುಂದೆ ಇರಲಿಲ್ಲ. ಎರಡನೇ ರೂಮಿನವಳ ಮುಖವಿತ್ತು, ಅದರ ಹಿಂದೆ ಹೊಳೆಯುವ ಸೀರೆಯವಳ ಆ ಬಾಯಿ, "ಓ" ಅನ್ನಲು ದುಂಡಗಾದದ್ದು. ಇನ್ನು ಅನ್ನಿರಿ ನೋಡೋಣ.

ಊಟದ ಹೊತ್ತಿನಲ್ಲಿ ಕೆತ್ತುವವನು ಬಂದು ಒಂಬತ್ತನೇ ಬಾಗಿಲಿಗೆ ನಾಲ್ಕು ಸ್ಕ್ರೂ ಹಾಕಿ ಹೋದ. ಮೊನ್ನೆಯವರೆಗೂ ಮುರಿದ ಗಾಲಿಕುರ್ಚಿ, ಡ್ರಿಪ್ ಕಂಬ ತುಂಬಿದ್ದ ರೂಮು. ಗೋಡೆಯ ಮೇಲೆ ಗಾಲಿ ಉಜ್ಜಿದ ಕಪ್ಪು ಗೆರೆಗಳು ಬಣ್ಣ ಹೊಡೆದರೂ ಹೋಗಿರಲಿಲ್ಲ. ಗಂಡ ವಾರ್ಡಿನಿಂದ ಬಂದ, ಕೈಯಲ್ಲಿ ಸ್ಟೆತಸ್ಕೋಪು ಸುತ್ತಿಕೊಂಡು, ತಲೆ ತಗ್ಗಿಸಿಕೊಂಡು. ಬಾಗಿಲ ಮುಂದೆ ನಿಂತ. ಅವಳು ವರಾಂಡದ ಈ ತುದಿಯಿಂದ ಕಣ್ಣು ಕೀಳದೆ ನೋಡಿದಳು. ಓದಿದ. ಇನ್ನೊಮ್ಮೆ ಓದಿದ ಅನ್ನಿಸಿತು, ಯಾಕೆಂದರೆ ಎರಡು ಪದ ಓದಲು ಅಷ್ಟು ಹೊತ್ತು ಬೇಡ. ಬೆರಳಿನಿಂದ ತಗಡಿನ ಅಂಚನ್ನು ಮುಟ್ಟಿ, ಅಂಟಿದ್ದ ಹಿತ್ತಾಳೆ ಪುಡಿಯನ್ನು ಒರೆಸಿದ. ಆಮೇಲೆ ತಿರುಗಿ ನೇರವಾಗಿ ಅವಳ ಕಡೆ ನೋಡಿದ. ಬೈಯುತ್ತಾನೆ, ಈಗಲೇ ಬಂದು ಕೀಳಿಸು ಅನ್ನುತ್ತಾನೆ ಅಂತ ಅವಳು ಉಸಿರು ಹಿಡಿದಳು. ಅವನು ನಕ್ಕ. ಮದುವೆಯ ಹೊಸತರಲ್ಲಿ ನಗುತ್ತಿದ್ದ ಹಾಗೆ, ಒಂದೇ ಕೆನ್ನೆಯಲ್ಲಿ. ಹೆಂಡತಿ ತನ್ನನ್ನು ಹಾಗೆ ಕಾಣುತ್ತಾಳೆ ಅಂತ ಗೊತ್ತಾದ ಗಂಡಸಿನ ನಗು ಅದು. ಅಯ್ಯೋ ದೇವರೇ, ಅಂದುಕೊಂಡಳು. ಅವನಿಗೆ ಪದ ಬೇಕಿತ್ತು. ಬೇಡ ಬೇಡ ಅನ್ನುತ್ತಲೇ ಇಷ್ಟು ವರ್ಷ ಯಾರಾದರೂ ಕೊಡಲಿ ಅಂತ ಕಾಯುತ್ತಿದ್ದ. ತಾನಾಗಿ ಹಾಕಿಕೊಳ್ಳಲು ಸಂಕೋಚ, ಅವಳು ಹಾಕಿದರೆ ಬೇಡವೆನ್ನಲೂ ಮನಸ್ಸಿಲ್ಲ. ಅವಳಿಗೆ ಅಳು ಬಂತು, ಜೊತೆಗೆ ಹೆಮ್ಮೆಯೂ ಬಂತು. ಎರಡನ್ನೂ ನುಂಗಿಕೊಂಡು ಕಿಟಕಿಯಾಚೆ ನಿಂತಿದ್ದ ಮುದುಕನಿಗೆ ಹೇಳಿದಳು, "ಒಂಬತ್ತನೇ ರೂಮು, ತಾತ. ಫಿಜಿಷಿಯನ್."

ಬೆರಳು ಇವತ್ತು ಬೇರೆ ದಿಕ್ಕಿಗೆ ಹೋಯಿತು. ಕೆಮ್ಮು ಒಂಬತ್ತಕ್ಕೆ, ಜ್ವರ ಒಂಬತ್ತಕ್ಕೆ, ಸುಸ್ತು, ತಲೆಸುತ್ತು, ಊಟ ಸೇರದವರು, ಎಲ್ಲ ಒಂಬತ್ತಕ್ಕೆ. ಮುದುಕ ಬೆಂಚಿನ ಮೇಲೆ ಕೂತ. ಅವನ ಪಕ್ಕ ಸೊಸೆ ಕೂತಳು. ಅವರು ಕೂತದ್ದು ನೋಡಿ ಇನ್ನಿಬ್ಬರು. ಒಳಗೆ ಹೋದವರು ಬೇಗ ಹೊರಗೆ ಬರುತ್ತಿರಲಿಲ್ಲ. ಅವನು ಕ್ಯಾಷುಯಾಲ್ಟಿಯ ಅವಸರವನ್ನೆಲ್ಲ ಬಿಟ್ಟು ಕೂರಿಸಿ ಮಾತಾಡಿಸುತ್ತಿದ್ದ ಅಂತ ಕಾಣುತ್ತದೆ. ಎರಡನೇ ರೂಮಿನ ಬೆಂಚಿನ ಮೇಲೆ ಒಬ್ಬಳೇ ಹೆಂಗಸು ಚೀಲ ತಬ್ಬಿಕೊಂಡು ತೂಕಡಿಸುತ್ತಿದ್ದಳು. ಮೇಜಿನ ಹಿಂದೆ ಕೂತ ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಕೈ ನಡುಗುವುದೂ ಮರೆತುಹೋಯಿತು.

ಒಳಗಿದ್ದ ಪೇಷಂಟನ್ನು ಕಳಿಸಲು ಅವನು ಬಾಗಿಲವರೆಗೆ ಬಂದಿದ್ದಾಗ ಏ.ಸಿ. ರೂಮಿನ ಬಾಗಿಲು ತೆರೆಯಿತು. ಆಕೆ ತಮ್ಮ ಹೆಚ್ಚುಕಡಿಮೆ ಖಾಲಿ ಬೆಂಚು ನೋಡಿದರು, ವರಾಂಡದುದ್ದಕ್ಕೂ ನಡೆದು ಹೋಗಿ ಹೊಸ ತಗಡು ನೋಡಿದರು. ಅವಳು ಮೇಜಿನಿಂದ ಎದ್ದು ನಿಂತದ್ದು ಅವಳಿಗೇ ಗೊತ್ತಾಗಲಿಲ್ಲ. "ಕಂಗ್ರಾಜುಲೇಷನ್ಸ್ ಡಾಕ್ಟ್ರೇ," ಅಂದರು ಆಕೆ, ಬೆಂಚಿನವರಿಗೂ ಮೇಜಿನವರಿಗೂ ಕೇಳುವಷ್ಟು ಜೋರಾಗಿ, ಆದರೆ ಸಿಹಿಯಾಗಿ. "ಬೋರ್ಡು ಜೋರಾಗಿದೆ. ಒಳ್ಳೇದಾಯ್ತು ಬಿಡಿ, ನಿಮ್ಮ ಮನೆಯವರ ಥೈರಾಯ್ಡು ಇನ್ನು ನೀವೇ ನೋಡ್ಕೋಬಹುದು. ಇಷ್ಟು ತಿಂಗಳೂ ನಾನು ನೋಡ್ತಿದ್ದೆ. ಬೆಳಗ್ಗೆ ಒಂದೂವರೆ ಮಾತ್ರೆ ಮಾಡಿದ್ದೀನಿ, ನಿಮಗೆ ಸರಿ ಅನ್ನಿಸದಿದ್ರೆ ಬದಲಾಯಿಸಿ."

ಅವನು ಆಕೆಗೆ ಮರ್ಯಾದೆಯಿಂದ ತಲೆ ಬಾಗಿಸಿದ. ಥ್ಯಾಂಕ್ಯೂ ಮೇಡಂ ಅಂದ ಅಂತಲೂ ಕಾಣುತ್ತದೆ. ಈ ಸಲ ಮೇಜಿನ ಕಡೆ ನೋಡಲಿಲ್ಲ. ಆ ಒಂದು ಕೆನ್ನೆಯ ನಗು ಎಲ್ಲಿಗೆ ಹೋಯಿತು ಅಂತ ಹುಡುಕಲು ಅವಳಿಗೆ ಧೈರ್ಯವಾಗಲಿಲ್ಲ. ಬಾಗಿಲು ಮುಚ್ಚಿತು. ಹಿತ್ತಾಳೆ ಮಾತ್ರ ಅಷ್ಟು ದೂರದಿಂದಲೂ ಹೊಳೆಯುತ್ತಿತ್ತು. ಹೋಗಿ ಕಾಲಿಗೆ ಬೀಳಲೇ? ಹೆದರಿಕೆಯಾಗಿತ್ತು ರೀ ಅನ್ನಲೇ? ಹೆದರಿಕೆ ಆದಾಗ ಹೋಗಬೇಕಾದ್ದು ಗಂಡನ ಹತ್ತಿರವೇ ಅಲ್ಲವೇ, ಗಂಡ ಡಾಕ್ಟರೂ ಆಗಿದ್ದಾಗ? ಅವಳಲ್ಲಿ ಇದ್ದ ಒಂದೇ ಉತ್ತರ ಎರಡನೇ ಬಾಗಿಲ ಮೇಲೆ ಬರೆದಿತ್ತು, ಅದನ್ನೇ ಇವತ್ತು ತಾನು ದಪ್ಪ ಅಕ್ಷರದಲ್ಲಿ ಒಂಬತ್ತನೇ ಬಾಗಿಲಿಗೂ ಹೊಡೆಸಿದ್ದಳು. ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಒಳಗಿನ ಲೈನು.

"ರಿಸೆಪ್ಷನ್ನಾ?" ಅಂದ. ಅವಳ ದನಿ ಗೊತ್ತಿಲ್ಲದವನ ಹಾಗೆ. "ಥೈರಾಯ್ಡ್ ಪೇಷಂಟ್ ಒಬ್ಬರು ಇದ್ದಾರಂತಲ್ಲ. ಅವರನ್ನ ಕಳ್ಸಿ."

ವರಾಂಡ ಇಷ್ಟು ಉದ್ದವಿದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಬೆಂಚಿನವರು ಕಾಲು ಮಡಚಿ ದಾರಿ ಬಿಟ್ಟರು. ಒಳಗೆ ಅವನು ಮೇಜಿನ ಹಿಂದೆ ಕೂತಿದ್ದ. ಕೈಯಿಂದ ಸ್ಟೂಲು ತೋರಿಸಿದ. ಅವಳು ಕೂತಳು. "ರೀ," ಅಂತ ಶುರುಮಾಡಿದಳು. ಅವನು ಕೇಳಿಸಿಕೊಳ್ಳಲಿಲ್ಲ.

"ಎಷ್ಟು ದಿನದಿಂದ ಅಮ್ಮಾ?"

ಪೇಷಂಟುಗಳಿಗೆ ಅನ್ನುವ ಅಮ್ಮಾ. ಇಷ್ಟು ವರ್ಷ ಪರದೆಯಾಚೆಯಿಂದ ಅದನ್ನು ಕೇಳಿದ್ದಳು. ಬಿದ್ದವರಿಗೆ, ಸುಟ್ಟುಕೊಂಡವರಿಗೆ, ಯಾರೆಂದು ಗೊತ್ತಿಲ್ಲದವರಿಗೆ ಅವನು ಅನ್ನುವ, ಮೆತ್ತಗಿನ, ಯಾರಿಗೂ ಸೇರದ ಅಮ್ಮಾ. "ಹೀಗೆ ಮಾಡ್ಬೇಡಿ," ಅಂದಳು. "ಬೈಯಿರಿ ಬೇಕಾದ್ರೆ. ನನಗೆ ಭಯ ಆಗಿತ್ತು ರೀ."

"ಕೈ ಚಾಚಿ."

ಚಾಚಿದಳು. ಬೆರಳುಗಳು ಎಲ್ಲರೆದುರು ಸಿಕ್ಕಿಬಿದ್ದವರ ಹಾಗೆ ನಡುಗಿದವು. ಅವನು ಮಣಿಕಟ್ಟು ಹಿಡಿದ, ಗಡಿಯಾರ ನೋಡಿದ, ನಾಡಿ ಎಣಿಸಿದ. ಎದ್ದು ಹಿಂದೆ ಬಂದು ಗಂಟಲು ಮುಟ್ಟಿದ. ಸಿಂಕಿನ ಮುಂದಿನ ಅದೇ ಬೆರಳುಗಳು. ಬಲ ಅಷ್ಟೇ, ಜಾಗ ಅದೇ. ಆದರೆ ಅವು ಅವಳ ಗಂಡನವಾಗಿರಲಿಲ್ಲ. "ನುಂಗಿ," ಅಂದ. ನುಂಗಿದಳು. ಮತ್ತೆ ಹೋಗಿ ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು, ಅಂಗಿಯ ತುದಿಗೆ ಒರೆಸಿದ. ಅವನ ಕಣ್ಣು ಕೆಂಪಾಗಿತ್ತು.

"ಔಷಧಿ ಸರಿಯಾಗಿದೆ. ಒಂದೂವರೆ ಮಾತ್ರೆ ಸರಿಯೇ. ಬಿಡದೆ ತಗೊಳ್ಳಿ." ಕನ್ನಡಕ ಹಾಕಿಕೊಂಡ. "ಇದಕ್ಕೆ ನನ್ನ ಹತ್ರ ಬರ್ಬೇಡಿ. ಎರಡನೇ ರೂಮಿಗೇ ಹೋಗ್ತಾ ಇರಿ. ಅಲ್ಲಿ ಫಿಜಿಷಿಯನ್ ಇದ್ದಾರೆ."

"ಬೋರ್ಡು ಕೀಳಿಸ್ತೀನಿ," ಅಂದಳು ಅವಳು.

"ಯಾಕೆ? ಇರ್ಲಿ ಬಿಡಿ. ಹೊರಗಿನವರಿಗೆ ಬೇಕಾಗುತ್ತೆ." ಬಾಗಿಲ ಕಡೆ ಕೈ ತೋರಿಸಿದ. "ಮುಂದಿನವರನ್ನ ಕಳ್ಸಿ."

ಎದ್ದಳು. ಬಾಗಿಲು ತೆರೆದಳು. ಬೆಂಚಿನ ತುದಿಯಲ್ಲಿ, ಆಮೇಲೆ ಬಂದ ಇನ್ನೊಬ್ಬ ಮುದುಕನ ಸೊಸೆ, ಮಾವನಿಗೆ ಶಾಲು ಸರಿಪಡಿಸುತ್ತಿದ್ದವಳು, ತಟಕ್ಕನೆ ಎದ್ದು ಅವಳ ಸೆರಗು ಹಿಡಿದಳು. ಮೇಜಿನ ಹಿಂದೆ ನೋಡಿದ ಮುಖ ಅಂತ ಗುರುತು ಸಿಕ್ಕಿತ್ತೋ ಇಲ್ಲವೋ. ಒಳಗಿಂದ ಬಂದ ಪೇಷಂಟನ್ನು ಕೇಳುವ ಹಾಗೆಯೇ ಕೇಳಿದಳು. "ಅಕ್ಕಾ, ಇವರು ಹೇಗೆ? ಚೆನ್ನಾಗಿ ನೋಡ್ತಾರಾ?"

"ತುಂಬಾ ಚೆನ್ನಾಗಿ ನೋಡ್ತಾರೆ."

"ನೀವು ಇವರ ಹತ್ರಾನೇ ತೋರಿಸ್ಕೊಳ್ಳೋದಾ?"

ಹಿಂದೆ ಬಾಗಿಲು ತೆರೆದೇ ಇತ್ತು. ಒಳಗೆ ಕುರ್ಚಿ ಕಿರುಗುಟ್ಟಲಿಲ್ಲ, ಪೆನ್ನು ಕೆಳಗಿಟ್ಟ ಸದ್ದಾಗಲಿಲ್ಲ. ಅವನು ಕೇಳಿಸಿಕೊಳ್ಳುತ್ತಿದ್ದ.

"ಹೌದಮ್ಮ," ಅಂದಳು ಅವಳು. "ಮೊದಲಿಂದಲೂ ಇವರ ಹತ್ರಾನೇ."